ಚೌಡಿಯ ಮುಂದಿಟ್ಟ ಉರುಳು

ದುರ್ಗಮ್ಮನಿಗೆ ಬೇಡ ಅಂದರೆ ಸಾಕು, ಅದೇ ಬೇಕು ಎಂದು ಮತ್ತಿಘಟ್ಟದ ಕಡೆಯ ಅವಳ ಕೇರಿಯವರು ಹೇಳುತ್ತಾರೆ. ಗಂಡ ತೀರಿಕೊಂಡಾಗ ಗದ್ದೆಯನ್ನು ಗೇಣಿಗೆ ಕೊಡು ಅಂದರು. ಅವಳು ಸೀರೆ ಎತ್ತಿ ಕಟ್ಟಿ ಟಿಲ್ಲರ್ ಹಿಡಿದಳು. ಮೊದಲ ದಿನ ಅದು ಅವಳನ್ನೇ ಎಳೆದುಕೊಂಡು ಹೋಗಿ ಅಂಚಿಗೆ ಕೆಡವಿತು. ಎದ್ದವಳು ನಗುತ್ತಿದ್ದವರ ಕಡೆ ತಿರುಗಿಯೂ ನೋಡದೆ ಮತ್ತೆ ಹಿಡಿದಳು. ಈಗ ಆ ನಕ್ಕವರ ಗದ್ದೆಯನ್ನೂ ಅವಳೇ ಹೂಡಿಕೊಡುತ್ತಾಳೆ.

ಅಂಥವಳು ಕಾಡುಬೆಕ್ಕನ್ನು ಕಂಡದ್ದು ಭತ್ತ ಹಾಲು ತುಂಬುವ ಕಾಲದಲ್ಲಿ, ಮುಂಜಾನೆ ಹುಲ್ಲಿಗೆ ಹೋದಾಗ. ಅಂಚಿನ ಮೇಲೆ ಕೂತಿತ್ತು. ಮನೆಬೆಕ್ಕಿಗಿಂತ ದೊಡ್ಡದು, ಉದ್ದ ಕಾಲು, ಒಣಹುಲ್ಲಿನ ಬಣ್ಣದ ಮೈ, ಕಿವಿಯ ತುದಿಯಲ್ಲಿ ಚಿಟಿಕೆ ಕರಿಕೂದಲು. ಬಾಲ ಮಾತ್ರ ಮೋಟು. ಮಾಡುತ್ತಿದ್ದ ದೇವರು ಅರ್ಧಕ್ಕೇ ಎದ್ದು ಹೋದ ಹಾಗೆ. ಅದರ ತುದಿಗೆ ಕಪ್ಪು ಬಳೆ. ಮೈ ಕಲ್ಲಿನಂತಿತ್ತು, ಕಿವಿಯೊಂದು ಪೈರಿನ ಸದ್ದು ಹಿಡಿದು ಅತ್ತಿತ್ತ ತಿರುಗುತ್ತಿತ್ತು. ಒಮ್ಮೆಲೇ ಮೇಲಕ್ಕೆ ನೆಗೆದು, ಮುಂಗಾಲು ಎರಡನ್ನೂ ಕೂಡಿಸಿ ಪೈರಿನೊಳಗೆ ಬಿತ್ತು. ಎದ್ದಾಗ ಬಾಯಲ್ಲಿ ಇಲಿ. ಅಲ್ಲೇ ತಿನ್ನಲಿಲ್ಲ, ಕಚ್ಚಿಕೊಂಡು ಬೆಟ್ಟದ ಕಡೆ ನಡೆಯಿತು.

"ಓ, ಮನೇಲಿ ಮಕ್ಳಿದಾವೆ" ಅಂದುಕೊಂಡಳು ದುರ್ಗಮ್ಮ.

ಆ ವಾರವೇ ಬೆಟ್ಟ ಕಾಯುವ ದೇವತೆ ಚೌಡಿಗೆ ಹರಕೆ ಬಿಟ್ಟ ಕೆಂಪು ಹುಂಜ ಮಾಯವಾಯಿತು. ಬೇಲಿಯ ಕಂಡಿಯಲ್ಲಿ ಬಾಲದ ಗರಿ, ಕೆಸರಲ್ಲಿ ಉಗುರು ಮೂಡದ ಬೆಕ್ಕಿನ ದುಂಡು ಹೆಜ್ಜೆ. ಮೈದುನ ಕೆರಿಯ ತನ್ನ ಬೈಕಿಗೆಂದು ಶಿರಸಿಯಿಂದ ತಂದಿದ್ದ ಕ್ಲಚ್ ತಂತಿಯಲ್ಲೇ ಉರುಳು ಮಾಡಿ ಆ ಕಂಡಿಗೆ ಕಟ್ಟಿದ. ಅವನು ನೋಡುತ್ತಿದ್ದ ಹಾಗೇ ದುರ್ಗಮ್ಮ ಬಿಚ್ಚಿದಳು.

"ಅತ್ಗೆ, ನಿಂಗೆ ತಲೆ ಸಮ ಇದ್ಯಾ? ದೇವ್ರ ಹುಂಜ ತಿಂದದ್ದು ಅದು!"

"ತಿಂತು. ನಾ ಇಲ್ಲ ಅಂದ್ನಾ? ನೀ ಕೊಯ್ದಿದ್ರೆ ಚೌಡಿಗೆ ಎಂತ ಸಿಗ್ತಿತ್ತಾ? ಸಾರು ಉಂಬುದು ನೀನೇ ಅಲ್ದಾ, ಕಾಲು ನಂಗೆ ಅಂತ ಜಗಳ ಮಾಡ್ಕಂಡು. ಈ ಸರ್ತಿ ಅವ್ಳ ಕಾಡಿನ ಮಕ್ಳು ಉಂಡ್ವು."

ಬೇಲಿಯಾಚೆಯಿಂದ ನೆರೆಮನೆಯ ಸೀತಮ್ಮ ನಕ್ಕಳು. "ಅವಂಗೆ ಸಿಟ್ಟು ಹರಕೇದಲ್ಲ ಮಾರಾಯ್ತಿ, ಕಾಲಿಂದು!"

"ನಗಾಡಿ, ನಗಾಡಿ. ನಾಳೆ ಮತ್ತೆ ಕಟ್ತೆ. ನೀ ಎಷ್ಟು ಸಲ ಬಿಚ್ತೆ ನೋಡುವಾ" ಅಂದ ಕೆರಿಯ.

ದುರ್ಗಮ್ಮ ಉರುಳನ್ನೂ ಗರಿಯನ್ನೂ ಹಿಡಿದು ಬೆಟ್ಟದಂಚಿನ ಚೌಡಿಯ ಕಲ್ಲಿಗೆ ನಡೆದಳು. ಕೆರಿಯ ಗೊಣಗುತ್ತ ಹಿಂದೆಯೇ ಬಂದ. ಅವಳು ತಂತಿಗೆ ಕುಂಕುಮ ಹಚ್ಚಿ ಕಲ್ಲಿನ ಮುಂದಿಟ್ಟಳು.

"ಹುಂಜ ತಕಂಡೆ, ಉರುಳೂ ತಕ ತಾಯಿ. ಇನ್ನು ನಿನ್ನ ಬೆಟ್ಟಕ್ಕೆ ನಮ್ಮನೆ ಉರುಳು ಬ್ಯಾಡ. ತಪ್ಪಾದ್ರೆ ನನ್ನ ಕೇಳು."

ಚೌಡಿಯ ಮುಂದೆ ಇಟ್ಟದ್ದು ಮತ್ತೆ ಮನೆಗೆ ಬರುವುದಿಲ್ಲ. ಅಲ್ಲಿ ಕೈಜಾರಿ ಬಿದ್ದ ಬಳೆಯನ್ನೂ ಆ ಕೇರಿಯ ಹೆಂಗಸರು ಎತ್ತಿಕೊಳ್ಳುವುದಿಲ್ಲ.

"ನಿಂದೇ ತಂತಿ ಅಲ್ದಾ? ತಕಂಡು ಹೋಗು" ಅಂದಳು.

ಕೆರಿಯ ಬಗ್ಗಿದ, ಕೈ ಚಾಚಿದ, ಹಿಂದಕ್ಕೆಳೆದುಕೊಂಡ. "ನನ್ನ ಬೈಕು?"

"ನಡ್ಕಂಡು ತಿರುಗು. ಹೊಟ್ಟೆ ಕರಗ್ತದೆ."

ಉರುಳು ಅಲ್ಲೇ ತುಕ್ಕು ಹಿಡಿಯಿತು. ಮತ್ತೊಂದನ್ನು ಯಾರೂ ಕಟ್ಟಲಿಲ್ಲ. ಹರಕೆ ಮುಟ್ಟಿತೋ ಇಲ್ಲವೋ ಎಂದು ಕೇರಿಯಲ್ಲಿ ಇನ್ನೂ ವಾದವಿದೆ. ಮುಟ್ಟಿತು ಎನ್ನುವ ದುರ್ಗಮ್ಮ ಕೋಳಿಗೂಡಿಗೆ ಮಾತ್ರ ಹೊಸ ಅಗುಳಿ ಹಾಕಿಸಿದ್ದಾಳೆ. ಸೀತಮ್ಮ ಛೇಡಿಸಿದರೆ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾಳೆ:

"ಬೆಕ್ಕಿನ ಪರ ನಿಂತೆ ಅಂತ ಕೋಳಿ ಎಲ್ಲ ಬಿಟ್ಟುಕೊಡೂಕೆ ನಾ ಎಂತ ಪೆದ್ದಿಯಾ?"