ಅಮ್ಮನ ಉಸಿರಿದ್ದ ಫೈಲ್

ಕರಾವಳಿಯ ಕೊಂಕಣಿ ಕ್ರೈಸ್ತರಾದ ನಮ್ಮಲ್ಲಿ ಮದುವೆಯ ಮುನ್ನಾದಿನ ರೋಸ್ ಶಾಸ್ತ್ರ. ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತಾರೆ, ಹೆಂಗಸರು ವೊವಿಯೊ ಎಂಬ ಸೋಬಾನೆ ಹಾಡುತ್ತಾರೆ. ದೇರೆಬೈಲಿನ ನಮ್ಮ ಕುಟುಂಬದ ರೋಸ್‌ಗಳಲ್ಲಿ ಹಾಡು ಎತ್ತಿಕೊಡುತ್ತಿದ್ದವರು ನನ್ನ ಅಮ್ಮ. ವಾದ್ಯ ಇರುತ್ತಿರಲಿಲ್ಲ. ಪ್ರತಿ ಸಾಲಿಗೆ ಮೊದಲು ಅಮ್ಮ ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು. ಅದನ್ನು ಕೇಳಿ ಉಳಿದವರೂ ಒಟ್ಟಿಗೆ ಹಾಡು ಹಿಡಿಯುತ್ತಿದ್ದರು.

ಕುವೈತಿನಲ್ಲಿರುವ ತಮ್ಮ ಒಮ್ಮೆ ರಜೆಯಲ್ಲಿ ಬಂದಾಗ ಅಮ್ಮನ ಒಂದು ವೊವಿಯೊ ರೆಕಾರ್ಡ್ ಮಾಡಿದ. ಡೌನ್‌ಲೋಡ್ ಮಾಡಿಕೊಳ್ಳಲು ನನಗೆ ಲಿಂಕ್ ಕಳಿಸಿದ. “ವೇವ್ ಫೈಲ್ ಅಕ್ಕ, ಒಂದು ಸದ್ದೂ ಬಿಡದೆ ಹಿಡಿದದ್ದು, ಸ್ವಲ್ಪ ದೊಡ್ಡದುಂಟು. ಹಾಗೇ ಇಡು,” ಎಂದ. ಅಮ್ಮ ಆಗ ಪಕ್ಕದಲ್ಲೇ ಮೀನು ಕೊಯ್ಯುತ್ತಿದ್ದರು. ಜೋಪಾನ ಮಾಡಬೇಕೆಂದು ನನಗೆ ಅನ್ನಿಸಲಿಲ್ಲ.

ಫೋನ್ ತುಂಬಿದಾಗ ಬಿಕರ್ನಕಟ್ಟೆಯ ಮೊಬೈಲ್ ಅಂಗಡಿಗೆ ಹೋದೆ.

“ಇದು ಎಂತ ಆಂಟಿ, ಒಂದು ಹಾಡಿಗೆ ಮೂವತ್ತು ಎಂಬಿ? ಎಂಪಿತ್ರೀ ಮಾಡ್ತೇನೆ, ಮೂರಕ್ಕೆ ಇಳೀತದೆ. ನಡು ನಡು ಸುಯ್ ಅಂತ ಸದ್ದುಂಟು, ಅದನ್ನೂ ತೆಗೀಲಾ?” ಎಂದು ಅಂಗಡಿಯವರು ಕೇಳಿದರು.

ಫ್ಯಾನಿನ ಸದ್ದು ಇರಬೇಕೆಂದುಕೊಂಡೆ. “ತೆಗೀರಿ,” ಎಂದೆ. ದೊಡ್ಡ ಫೈಲನ್ನು ಅಲ್ಲೇ ಅಳಿಸಿಬಿಟ್ಟೆ.

ಆ ಮಳೆಗಾಲದಲ್ಲಿ ಅಮ್ಮ ತೀರಿಕೊಂಡರು. ವಾರ ಕಳೆದು ಹಾಡು ಹಾಕಿದೆ. ಮಾತುಗಳು ತೊಳೆದಿಟ್ಟಷ್ಟು ಸ್ವಚ್ಛ. ಸಾಲು ಸಾಲಿನ ನಡುವೆ ಮಾತ್ರ ಏನೂ ಇರಲಿಲ್ಲ. ಸುಯ್ ಎಂದದ್ದು ಫ್ಯಾನಲ್ಲ ಎಂದು ಆಗ ತಿಳಿಯಿತು. ತಮ್ಮನಿಗೆ ಫೋನ್ ಮಾಡಿದೆ. “ನಿನ್ನಲ್ಲಿ ಉಂಟಲ್ಲ ಅಂತ ನಾನು ಅಳಿಸಿದೆ ಅಕ್ಕ,” ಎಂದ. ನಾನೂ ಅವನ ಬಗ್ಗೆ ಹಾಗೆಯೇ ತಿಳಿದಿದ್ದೆ.

ಪುನಃ ಅಂಗಡಿಗೆ ಹೋಗಿ, ಇದನ್ನು ತಿರುಗಿ ವೇವ್ ಮಾಡಿಕೊಡಿ ಎಂದೆ. “ಮಾಡಬಹುದು ಆಂಟಿ. ಆದರೆ ಹೋದದ್ದು ಬರುವುದಿಲ್ಲ,” ಎಂದರು. ಹಟ ಹಿಡಿದು ಮಾಡಿಸಿದೆ. ಫೈಲ್ ಮೊದಲಿನ ಹಾಗೆ ಮೂವತ್ತು ಎಂಬಿ ಆಯಿತು. ಬಸ್ಸಿನಲ್ಲಿ ಕೂತು ಮನೆಯವರೆಗೂ ಕೇಳಿದೆ. ಉಸಿರು ಇರಲಿಲ್ಲ.

ನನ್ನ ಮಗಳ ಮದುವೆ ಮೊದಲೇ ನಿಶ್ಚಯವಾಗಿತ್ತು. ತನಗೇನಾದರೂ ಆದರೆ ಮುಂದೆ ಹಾಕಬೇಡಿ ಎಂದು ಅಮ್ಮನೇ ಹೇಳಿದ್ದರು. “ನನ್ನ ರೋಸ್‌ಗೆ ಅಜ್ಜಿಯೇ ಹಾಡಬೇಕು,” ಎಂದಳು ಮಗಳು. ಸ್ಪೀಕರಿನಲ್ಲಿ ಹಾಕಿದೆವು, ಹೆಂಗಸರು ಜೊತೆಗೆ ಹಾಡತೊಡಗಿದರು. ಎರಡನೆಯ ಸಾಲಿಗೇ ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ.

ಅಮ್ಮನ ತಂಗಿ ಕೈ ಎತ್ತಿ ತಡೆದರು. “ಎಂತ ಇದು ಬಾಯೆ, ಮಗಳೇ? ನಿನ್ನ ಅಮ್ಮ ಉಸಿರೇ ತೆಗೆಯುವುದಿಲ್ಲವಲ್ಲ. ಬದುಕಿದ್ದಾಗ ನಮ್ಮನ್ನು ಬಿಟ್ಟು ಹಾಡಿದವಳಲ್ಲ.”

ಯಾರೋ ನಕ್ಕರು. ನಾನು ಹಾಡು ನಿಲ್ಲಿಸಿದೆ.

ನನಗೆ ಹಾಡಲು ಬರುವುದಿಲ್ಲ. ಆದರೆ ಅಷ್ಟು ದಿನ ಕೇಳಿ ಕೇಳಿ ಆ ಖಾಲಿ ಜಾಗಗಳ ಉದ್ದ ನನಗೆ ಗೊತ್ತಿತ್ತು. ಹಾಡನ್ನು ಮೊದಲಿನಿಂದ ಹಾಕಿ ಸ್ಪೀಕರಿನ ಪಕ್ಕ ನಿಂತೆ. ಪ್ರತಿ ಸಾಲಿಗೆ ಮೊದಲು, ಎಲ್ಲರಿಗೆ ಕೇಳುವ ಹಾಗೆ, ಮೂಗಿನಿಂದ ಉಸಿರೆಳೆದೆ. ಹೆಂಗಸರು ಹಾಡು ಹಿಡಿದರು. ಮಗಳು ತೆಂಗಿನ ಹಾಲು ಇಳಿಯುತ್ತಿದ್ದ ಮುಖವನ್ನು ಎತ್ತಿ ನನ್ನನ್ನೇ ನೋಡುತ್ತಿದ್ದಳು. ಮೂರನೆಯ ಸಾಲಿಗೆ ನನ್ನ ಉಸಿರು ಸಾಲದೆ ಹೋದಾಗ ಅಮ್ಮನ ತಂಗಿಯೂ ಜೊತೆಗೆ ಎಳೆದರು.