ವಿಲನ್ ಮಾಡಿದ ಕುರ್ಚಿ

ಇಡೀ ಕರ್ನಾಟಕ ಹೆದರುವ ಸಿನಿಮಾ ವಿಲನ್ ಒಬ್ಬರಿಗೆ 'ನಿಮ್ಮ ಸ್ಟೂಲು ಕುಂಟುತ್ತೆ ರೀ' ಅಂತ ಮುಖಕ್ಕೇ ಹೇಳಿದವಳು ನಾನು. ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ಈ ಕತೆ ಕೇಳದ ಮನೆ ಇಲ್ಲ. ನಮ್ಮ ಯಜಮಾನರಂತೂ ನಾನು ಸ್ಟೂಲಿನ ಸುದ್ದಿ ತೆಗೆದ ಕೂಡಲೇ ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಟುಬಿಡುತ್ತಾರೆ.

ಹಲಸೂರಿನ ಒಂದು ಸ್ಕೂಲಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆಗಿದ್ದೆ. ಮನೆಯಲ್ಲಿ ಕೂತು ಎಲ್ಲರ ತಪ್ಪು ಹುಡುಕುವುದೇ ಕೆಲಸವಾಗಿತ್ತು. ಆ ಕಾಟ ತಾಳಲಾರದೆ ಮಗಳು ನನ್ನನ್ನು ಹೊರಮಾವಿನ ಒಂದು ಮರಗೆಲಸದ ಶೆಡ್ಡಿಗೆ ಸೇರಿಸಿದಳು. ಅಪಾರ್ಟ್‌ಮೆಂಟುಗಳ ಹಿಂದೆ ತಗಡಿನ ಸೂರು, ಒಳಗೆ ಉದ್ದುದ್ದ ಮೇಜು, ಗೋಡೆ ತುಂಬ ಉಳಿ, ಗರಗಸ. ಶನಿವಾರ, ಭಾನುವಾರ ಯಾರು ಬೇಕಾದರೂ ಬಂದು ಕಲಿಯಬಹುದು. ಅದನ್ನು ನಡೆಸುವವರನ್ನು ಎಲ್ಲರೂ ಮಾಸ್ಟರ್ ಅನ್ನುತ್ತಿದ್ದೆವು. ಅವರ ಶೆಡ್ಡಿನಲ್ಲಿ ಫೋನಿಗೆ ಪ್ರವೇಶವಿಲ್ಲ, ಬಾಗಿಲ ಹತ್ತಿರದ ಬಿಸ್ಕತ್ತಿನ ಡಬ್ಬಕ್ಕೆ ಹಾಕಿಯೇ ಒಳಗೆ ಬರಬೇಕು. ಇನ್ನು, ಬಂದವರು ಯಾರೇ ಆಗಲಿ, ಮೊದಲು ಊಟಕ್ಕೆ ಕೂರುವ ಒಂದು ಮಣೆ ಮಾಡಬೇಕು. ಮಾಸ್ಟರ್ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು 'ಸರಿ' ಅಂದರೇನೇ ಮುಂದಿನ ಕೆಲಸ.

ಆ ಬಿಸ್ಕತ್ತಿನ ಡಬ್ಬ ಇದ್ದುದರಿಂದಲೇ ಹೆಸರಾದವರೆಲ್ಲ ಅಲ್ಲಿಗೆ ಬರುತ್ತಿದ್ದರು. ಟೀವಿಯಲ್ಲಿ ಹಾಡುವ ಹೆಂಗಸೊಬ್ಬರು ಹಲಸಿನ ಮರದಲ್ಲಿ ಸೌಟು ಕೆತ್ತುತ್ತಿದ್ದರು. 'ಒಂದು ಹಾಡು ಹಾಡಿ' ಅಂತ ಯಾರೂ ಪೀಡಿಸದ ಜಾಗ ಬೆಂಗಳೂರಲ್ಲಿ ಇದೊಂದೇ ಅನ್ನುತ್ತಿದ್ದರು. ಒಂದು ಕಾಲಕ್ಕೆ ದೇಶಕ್ಕೇ ಆಡಿದ್ದ ಹಾಕಿ ಆಟಗಾರರೊಬ್ಬರು ಗುಬ್ಬಿಗೂಡು ಮಾಡುತ್ತಿದ್ದರು. ಗೂಡು ಮೇಲಿಂದ ಮೇಲೆ ತಯಾರಾಗುತ್ತಿತ್ತು, ಗುಬ್ಬಿ ಮಾತ್ರ ಒಂದೂ ಬಂದಿರಲಿಲ್ಲ. ಇವರ ಜೊತೆಗೆ ನಮ್ಮ ವಿಲನ್. ಮೀಸೆ, ಕಣ್ಣು ಅಂತ ವರ್ಣಿಸಿದರೆ ನಿಮಗೆ ಯಾರು ಅಂತ ಗೊತ್ತಾಗಿಬಿಡುತ್ತೆ, ಅದಕ್ಕೇ ಸುಮ್ಮನಿರುತ್ತೇನೆ. ಎಷ್ಟೋ ಹೀರೋಗಳ ತಲೆ ಮೇಲೆ ಕುರ್ಚಿ ಮುರಿದವರು ಅಂದರೆ ಸಾಕು.

ಅವರ ಮಣೆ ಪಾಸಾಗಿ, ಎರಡನೆಯದಾಗಿ ಒಂದು ಸ್ಟೂಲು ಮಾಡಿದ್ದರು. ಎಲ್ಲರೂ ಸುತ್ತ ನಿಂತು 'ಸೂಪರ್ ಸರ್, ಸೂಪರ್' ಅನ್ನುತ್ತಿದ್ದರು. ನಾನು ಹೋಗಿ ಅದರ ಮೂಲೆಗೆ ಬೆರಳಿಟ್ಟು ಒತ್ತಿದೆ. ಟಕ್ ಅಂತು. ಇನ್ನೊಂದು ಮೂಲೆಗೆ ಒತ್ತಿದೆ. ಅದೂ ಟಕ್. ಆಗ ಬಂತು ನೋಡಿ ನನ್ನ ಬಾಯಿಂದ ಆ ಮಾತು. ನಮ್ಮ ವಿಲನ್ ನನ್ನನ್ನು ದಿಟ್ಟಿಸಿ ನೋಡಿದರು, ಸಿನಿಮಾದಲ್ಲಿ ಮಚ್ಚು ಎತ್ತುವ ಮುಂಚೆ ನೋಡುತ್ತಾರಲ್ಲ, ಹಾಗೆ. ಆಮೇಲೆ ಮಂಡಿಯೂರಿ ಕೂತು ಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿ, 'ಕರೆಕ್ಟು ಮಿಸ್, ಈ ಕಾಲು ಗಿಡ್ಡ' ಅಂದರು.

ಅಂದಿನಿಂದ ಏನು ಮಾಡಿದರೂ ತಂದು ನನಗೆ ತೋರಿಸುವುದು ಶುರುವಾಯಿತು. 'ಇವ್ರೆಲ್ಲ ಚಪ್ಪಾಳೆ ಹೊಡೀತಾರೆ ಮಿಸ್. ನಂಗೆ ಬೈಯೋರು ಬೇಕು' ಅನ್ನುತ್ತಿದ್ದರು. ಬೈಯುವುದಕ್ಕೆ ನನ್ನನ್ನು ಯಾರೂ ಬೇಡಿಕೊಳ್ಳಬೇಕಾಗಿಲ್ಲ.

ಒಂದು ಭಾನುವಾರ ಟೀ ಕುಡಿಯುತ್ತಾ ಅವರು ಅಲ್ಲಿಗೆ ಬಂದ ನಿಜವಾದ ಕಾರಣ ಹೇಳಿದರು. ಅವರ ತಂದೆಗೆ ಶಿವಾಜಿನಗರದಲ್ಲಿ ಫರ್ನಿಚರ್ ಅಂಗಡಿ ಇತ್ತಂತೆ. ಮಂಚ, ಬೀರು, ಕುರ್ಚಿ, ಎಲ್ಲ ಅಲ್ಲೇ ತಯಾರು. ಯಾವ ಸಾಮಾನೇ ಆಗಲಿ, ಅಂಗಡಿಯಿಂದ ಹೊರಡುವ ಮುಂಚೆ ಅವರ ತಂದೆ ಅದರ ಮೇಲೆಲ್ಲ ಅಂಗೈ ಆಡಿಸಿ ನೋಡುತ್ತಿದ್ದರಂತೆ. ಬೇರೆ ಅಂಗಡಿಯದಕ್ಕೆಲ್ಲ ಆ ಮನೆಯಲ್ಲಿ ಒಂದೇ ಹೆಸರು, ಬಜಾರ್ ಮಾಲ್. ಮಗ ಅಂಗಡಿಯಲ್ಲಿ ಕೂರದೆ ಸಿನಿಮಾ ಸೇರಿದ. ತಂದೆ ಹೋದ ಮೇಲೆ ಅಂಗಡಿಯೂ ಮುಚ್ಚಿತು.

ಈಗ ಅಮ್ಮಿಗೆ, ಅಂದರೆ ಅವರ ತಾಯಿಗೆ, ಮೊಣಕಾಲು ಬಗ್ಗುವುದಿಲ್ಲ. ನೆಲದ ಮೇಲೆ ನಮಾಜ್ ಆಗುವುದಿಲ್ಲ ಅಂತ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡರೆ ಅದು ಗ್ರಾನೈಟಿನ ಮೇಲೆ ಜಾರುತ್ತೆ. ಒಮ್ಮೆ ಬೀಳುವುದರಲ್ಲಿದ್ದರಂತೆ. ಆವತ್ತಿನಿಂದ ಪ್ರತಿ ಸಲ ಏಳುವಾಗ ಸೊಸೆ ಬಂದು ಕೈ ಹಿಡಿಯಬೇಕು. 'ಅಲ್ಲಾನ ಮುಂದೆ ನಿಲ್ಲೋಕೂ ನಂಗೆ ಇನ್ನೊಬ್ರ ಕೈ ಬೇಕಾಯ್ತಲ್ಲ' ಅಂತ ಒಂದೇ ಸಮ ಕೊರಗು. ಒಳ್ಳೆ ಕುರ್ಚಿ ಕೊಂಡುತರುತ್ತೇನೆ ಅಂದರೆ, ಬಜಾರ್ ಮಾಲ್ ಬೇಡ. ನಾನೇ ಮಾಡಿಕೊಡುತ್ತೇನೆ ಅಂದರೆ, 'ನೀನಾ? ಅದು ಮುರಿಯೋ ಕೈ. ನಾನು ಕೂರಲ್ಲಪ್ಪ.'

'ರಂಜಾನ್‌ಗೆ ಮುಂಚೆ ಅಮ್ಮಿ ನಾನು ಮಾಡಿದ ಕುರ್ಚಿ ಮೇಲೆ ಕೂತು, ತಾನಾಗೇ ಏಳ್ಬೇಕು ಮಿಸ್. ಅಷ್ಟೇ ನಂಗೆ ಬೇಕಾಗಿರೋದು' ಅಂದರು. ಅಷ್ಟು ದೊಡ್ಡ ಆಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆದರೂ ಟೀಚರ್ ಟೀಚರೇ. 'ಮೊದ್ಲು ಅವರ ಮೊಣಕಾಲಿನ ಎತ್ತರ ಅಳೆದು ತನ್ನಿ' ಅಂತ ಹೋಂವರ್ಕ್ ಕೊಟ್ಟೆ.

ಮುಂದಿನ ಶನಿವಾರ ಮುಖ ಕೆಂಪಗೆ ಮಾಡಿಕೊಂಡು ಬಂದರು. ಅಮ್ಮಿಗೆ ಗೊತ್ತಾಗದ ಹಾಗೆ ಅಳೆಯೋಣ ಅಂತ, ಅವರು ಮಧ್ಯಾಹ್ನ ಮಲಗಿದ್ದಾಗ ಟೇಪು ಹಿಡಿದು ಮಂಚದ ಪಕ್ಕ ಬಗ್ಗಿದ್ದಾರೆ. ಅಮ್ಮಿ ಕಣ್ಣು ಬಿಟ್ಟು, ಟೇಪನ್ನೂ ಮಗನನ್ನೂ ನೋಡಿ, 'ಗೋರಿಗೆ ಅಳತೆ ಈಗ್ಲೇ ಯಾಕೋ? ಇನ್ನೂ ಈ ಸಲದ ಹಬ್ಬದ ಸೇಮಿಯಾ ಕುಡಿಯೋದಿದೆ ನಂಗೆ' ಅಂದರಂತೆ. ಹಾಡುವವರು ನಕ್ಕ ಹೊಡೆತಕ್ಕೆ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನನಗೂ ಹೊಟ್ಟೆ ಹುಣ್ಣಾಯಿತು. ಅಳತೆ ಮಾತ್ರ ಸಿಕ್ಕಿತ್ತು.

ತೇಗದ ಮರ ತಂದರು. ಮೊಳೆ ಹೊಡೆಯದೆ ಮರಕ್ಕೆ ಮರವನ್ನೇ ತೂರಿಸಿ ಕೂಡಿಸುವ ಕೆಲಸ, ಒಂದು ಕೂಡಿದರೆ ಇನ್ನೊಂದು ಕೂಡದು. ಎಷ್ಟೋ ಸಲ ಬಿಚ್ಚಿಸಿದೆ. 'ಮಿಸ್, ಡೈರೆಕ್ಟರೂ ಇಷ್ಟು ರೀಟೇಕ್ ಕೇಳಲ್ಲ' ಅಂತ ಗೊಣಗುತ್ತಲೇ ಮತ್ತೆ ಮಾಡುತ್ತಿದ್ದರು. ಹಿಡಿದು ಏಳೋಕೆ ಅಂತ ಅಗಲವಾದ ಕೈಗಳು, ಜಾರದ ಹಾಗೆ ಭಾರವಾದ ಕಾಲುಗಳು. ಕೊನೆಗೆ ಪಾಲಿಶ್ ಹಚ್ಚಿ ಗೋಡೆಗೆ ತಾಗಿಸಿ ನಿಲ್ಲಿಸಿದಾಗ ಮಾಸ್ಟರ್ ಬಂದು ಕೂತು 'ಸರಿ' ಅಂದರು. ನನಗೂ ಬೈಯೋಕೆ ಏನೂ ಸಿಗಲಿಲ್ಲ.

'ನೀವೂ ಬರ್ಬೇಕು ಮಿಸ್, ನಂಗೆ ಭಯ' ಅಂತ ನನ್ನನ್ನೂ ಕಾರಿನಲ್ಲಿ ಹತ್ತಿಸಿಕೊಂಡರು. ರಂಜಾನ್‌ಗೆ ಮುಂಚಿನ ಕೊನೆಯ ಭಾನುವಾರ. ಪುಲಿಕೇಶಿನಗರದಲ್ಲಿ ಹಳೇ ಕಾಲದ ಮನೆ, ಮುಂದೆ ಜಗಲಿ. ಅಮ್ಮಿ ನನ್ನ ಭುಜದಷ್ಟು ಎತ್ತರ ಇಲ್ಲ, ಸೊಸೆಯ ಕೈ ಹಿಡಿದು ಹೊರಗೆ ಬಂದರು. ಮಗನ ಜೊತೆ ದಖನಿ ಉರ್ದು, ನನ್ನ ಜೊತೆ ಕನ್ನಡ. ಎರಡರಲ್ಲೂ ನಾಲಿಗೆ ಒಂದೇ ಚುರುಕು.

ಕುರ್ಚಿ ನೋಡಿದರು. ಮುಂದೆ ನಿಲ್ಲಲೇ ಇಲ್ಲ, ನೇರ ಹಿಂದಕ್ಕೆ ಹೋದರು. ಒರಗುವ ಹಲಗೆಯ ಬೆನ್ನ ಮೇಲೆ ಅಂಗೈ ಆಡಿಸಿ ಅಲ್ಲೇ ನಿಂತರು. ನಾನೂ ಹೋಗಿ ಮುಟ್ಟಿದೆ. ತರಿತರಿ, ಪಾಲಿಶ್ ಕೂಡ ಇಲ್ಲ. ಗೋಡೆಗೆ ತಾಗಿಸಿಟ್ಟಿದ್ದ ಕುರ್ಚಿಯನ್ನು ನಾನೂ ಮುಂದಿನಿಂದಷ್ಟೇ ನೋಡಿ ಹೊಗಳಿದ್ದೆ. ನನ್ನ ಮಾರ್ಕು ನಾನೇ ಕಳೆದುಕೊಂಡೆ.

'ಹಿಂದುಗಡೆ ಯಾರು ನೋಡ್ತಾರೆ ಅಮ್ಮಿ?' ಅಂದರು ಮಗ. ಶೂಟಿಂಗಿನಲ್ಲಿ ಸೆಟ್ಟು ಹಾಕುವವರು ಕ್ಯಾಮೆರಾಕ್ಕೆ ಕಾಣುವ ಭಾಗಕ್ಕಷ್ಟೇ ಬಣ್ಣ ಬಳಿಯುತ್ತಾರಂತೆ. ಇಷ್ಟು ವರ್ಷ ಅಂಥ ಕುರ್ಚಿಗಳನ್ನೇ ಎತ್ತಿ ಮುರಿದವರಿಗೆ ಕುರ್ಚಿಗೆ ಬೆನ್ನು ಅಂತ ಒಂದಿದೆ ಅನ್ನುವುದೇ ಮರೆತುಹೋಗಿತ್ತು.

'ನಮಾಜಿಗೆ ಕೂತ್ರೆ ಗೋಡೆ ನನ್ನ ಮುಂದೆ ಇರುತ್ತೆ ಕಣೋ' ಅಂದರು ಅಮ್ಮಿ. 'ಹಿಂದೆ ಸೊಸೆ, ಮೊಮ್ಮಕ್ಕಳು ನಿಂತಿರ್ತಾರೆ. ಇಡೀ ರಂಜಾನ್ ಅವ್ರು ನೋಡೋದು ಇದನ್ನೇ. ಬಜಾರ್ ಮಾಲ್.'

ವಿಲನ್ ಮುಖ ಸಪ್ಪಗಾಯಿತು. ಕಾರಿನಿಂದ ಸ್ಯಾಂಡ್‌ಪೇಪರ್ ತಂದು, ಜಗಲಿಯ ಮೇಲೆ ಕುರ್ಚಿ ಮಲಗಿಸಿ ತಿಕ್ಕಲು ಕೂತರು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡತೊಡಗಿದರು. ಸ್ಕೂಟರಿನ ಮೇಲಿದ್ದ ಹುಡುಗನೊಬ್ಬ ಫೋನ್ ತೆಗೆದದ್ದೇ ತಡ, ನಾನು ಕಣ್ಣು ಬಿಟ್ಟೆ. ಮೂವತ್ತು ವರ್ಷ ಕ್ಲಾಸ್ ರೂಮಿನಲ್ಲಿ ಸಾಣೆ ಹಿಡಿದ ಕಣ್ಣು ಅದು. ಫೋನ್ ಜೇಬಿಗೆ ಹೋಯಿತು. ಅಮ್ಮಿ ಬಾಗಿಲಲ್ಲಿ ಕೂತು, 'ಅಲ್ಲಿ, ಆ ಮೂಲೇಲಿ ಇನ್ನೊಂದ್ಸಲ' ಅಂತ ಬೆರಳು ತೋರಿಸುತ್ತಿದ್ದರು. ಸೊಸೆ ನಮಗೆಲ್ಲ ಚಹಾ, ಬಿಸಿ ಸಮೋಸ ತಂದುಕೊಟ್ಟರು. ಕೆಲಸ ಮಾಡುತ್ತಿದ್ದವರಿಗೆ ಮಾತ್ರ, ಮುಗಿಯುವವರೆಗೆ ಸಮೋಸ ಇಲ್ಲ ಅಂತ ಅಮ್ಮಿಯ ಆರ್ಡರ್ ಆಗಿತ್ತು.

ಸಂಜೆಯ ಅಜಾನ್ ಕೇಳುವ ಹೊತ್ತಿಗೆ ಬೆನ್ನು ನುಣ್ಣಗಾಗಿತ್ತು. ಪಾಲಿಶ್ ಆಮೇಲೆ ಆದರೂ ನಡೆಯುತ್ತೆ ಅಂದರು ಅಮ್ಮಿ. ಅಂಗೈ ಆಡಿಸಿದರು, ಮೇಲೆ, ಕೆಳಗೆ, ಕಾಲುಗಳ ಒಳಗಡೆ. ಆದರೂ ಕೂರಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಬೇಟಿ, ನೀನು ಮೈಕೈ ತುಂಬಿಕೊಂಡಿದ್ದೀಯ. ಮೊದ್ಲು ನೀನು ಕೂತು ನೋಡು' ಅಂದರು. ಬೇರೆ ಯಾರಾದರೂ ಅಂದಿದ್ದರೆ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಹೋಗಿ ಧೊಪ್ಪಂತ ಕೂತೆ. ಕುರ್ಚಿ ಕಿಂ ಅನ್ನಲಿಲ್ಲ.

ಅಮ್ಮಿ ಕೈಕಾಲು, ಮುಖ ತೊಳೆದು ಬಂದರು. ಕುರ್ಚಿಯನ್ನು ಒಳಕೋಣೆಯ ಪಡುವಣ ಗೋಡೆಗೆ ಮುಖ ಮಾಡಿ ಇಟ್ಟೆವು. ನಾನು ಬಾಗಿಲ ಹೊರಗೆ ನಿಂತಿದ್ದೆ, ನನ್ನ ಪಕ್ಕ ನಮ್ಮ ವಿಲನ್. ಅಮ್ಮಿ ಕೂತರು. ನಮಾಜ್ ಮುಗಿಯುವವರೆಗೂ ಮಗನ ಕಣ್ಣು ಕುರ್ಚಿಯ ಬೆನ್ನ ಮೇಲೇ ಇತ್ತು.

ಮುಗಿದ ಮೇಲೆ ಸೊಸೆ ರೂಢಿಯಂತೆ ಓಡಿಬಂದು ಕೈ ಚಾಚಿದರು. ಅಮ್ಮಿ ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ಎರಡು ಅಂಗೈಯನ್ನೂ ಕುರ್ಚಿಯ ಕೈಗಳ ಮೇಲೆ ಊರಿ, ಒಂದು ಸಲ ಉಸಿರೆಳೆದುಕೊಂಡು, ತಾವೇ ಎದ್ದು ನಿಂತರು. ಕುರ್ಚಿ ಕದಲಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಇಣುಕಿ, 'ಹೊಸ ಕುರ್ಚಿನಾ? ಎಲ್ಲಿ ತಗೊಂಡ್ರಿ?' ಅಂತ ಕೇಳಿದರು.

'ತಗೊಂಡಿದ್ದಲ್ಲ' ಅಂದರು ಅಮ್ಮಿ. 'ನಮ್ಮ ಅಂಗಡೀದು.'

ನಮ್ಮ ವಿಲನ್ ಮೈಯೆಲ್ಲ ಮರದ ಪುಡಿ ಮಾಡಿಕೊಂಡು ನಿಂತಿದ್ದವರು, ಅದೇ ಕೈಯಿಂದ ಕಣ್ಣು ಒರೆಸಿಕೊಳ್ಳಲು ಹೋದರು. ಪುಡಿ ಕಣ್ಣಿಗೆ ಹೋಗಿ ಇನ್ನಷ್ಟು ನೀರು ಸುರಿಯತೊಡಗಿತು.

'ಕೈ ತೊಳ್ಕೊಂಡು ಬಂದು ಅಳ್ರೀ' ಅಂತ ಬೈದೆ.