ಮುಚ್ಚಿದ ಕುಂಟೆ, ತೋಡಿದ ಕುಂಟೆ

ನಮ್ಮೂರಿನ ಕುಂಟೆ ಮುಚ್ಚಿಸಿದ ಮಹಾನುಭಾವ ನಾನೇ.

ಬಂಗಾರಪೇಟೆಯ ಪಕ್ಕದ ಹಳ್ಳಿ ನಮ್ಮದು. ದಿನಾ ರೈಲು ಹತ್ತಿ ಆಂಡರ್ಸನ್‌ಪೇಟೆಯ ಶಾಲೆಗೆ ಪಾಠ ಹೇಳಲು ಹೋಗುವವನು ನಾನು. (ಓದಿದವರ ಮಾತನ್ನು ಊರು ಕೇಳುತ್ತದೆ. ಅಪಾಯ ಇರುವುದೇ ಅಲ್ಲಿ.) ಗುಡ್ಡದ ಬುಡದಲ್ಲಿ ಮಳೆನೀರು ನಿಲ್ಲುವ ಆ ಕುಂಟೆಯಲ್ಲಿ ಪಾಚಿ, ಸೊಳ್ಳೆ, ಕಪ್ಪೆ. ಮುಚ್ಚಿ ಪಂಚಾಯ್ತಿ ಹಾಲ್ ಕಟ್ಟೋಣ ಎಂದೆ. ಎಲ್ಲರೂ ತಲೆಯಾಡಿಸಿದರು.

ಮಣ್ಣು ಹೊತ್ತ ಕೂಲಿಯವರಲ್ಲಿ ಮುನಿಯಮ್ಮ ಒಬ್ಬಳು. ಕುಂಟೆಯ ಕೆಳಗೇ ಅವಳ ಮಣ್ಣುಗೋಡೆಯ ಮನೆ. ಬುಟ್ಟಿ ಇಳಿಸಿ ಕೇಳಿದಳು: "ಮೇಷ್ಟ್ರೇ, ಗುಡ್ಡದ ನೀರು ಇನ್ನೆಲ್ಲಿಗೆ ಓಗ್ಬೇಕು?"

"ಅದಕ್ಕೆಲ್ಲ ಪ್ಲಾನ್ ಇದೆ" ಎಂದೆ.

ಇತ್ತೇ? ಇರಲಿಲ್ಲ.

ಹೋದ ವರ್ಷದ ಮಳೆಗೆ ನೀರು ತನ್ನ ದಾರಿ ತಾನೇ ಹುಡುಕಿಕೊಂಡಿತು. ಭಾನುವಾರ ಮಧ್ಯಾಹ್ನ, ನಾನು ಊರಲ್ಲೇ ಇದ್ದೆ. ಹಾಸಿಗೆ ಹಿಡಿದ ಗಂಡನನ್ನು ಬೆನ್ನ ಮೇಲೆ ಹೊತ್ತು ಮುನಿಯಮ್ಮ ಮನೆಯಿಂದ ಹೊರಬಂದಳು. ಹಿಂದೆಯೇ ಗೋಡೆ ಕುಸಿಯಿತು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ನನ್ನನ್ನು ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುವಾರದ ಸಭೆಯಲ್ಲಿ ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಹಾಲ್ ಇನ್ನೂ ಕಾಗದದ ಮೇಲೇ ಇತ್ತು. ಶ್ರಮದಾನ ಮಾಡಿ ಕುಂಟೆಯನ್ನು ಮತ್ತೆ ತೋಡುವುದೆಂದಾಯಿತು. ಎಲ್ಲಿ, ಎಷ್ಟು ಆಳ? ಮಣ್ಣು ಹೊತ್ತವಳಿಗೆ ಗೊತ್ತಿತ್ತು. ದಂಡೆಯ ಮೇಲೆ ನಿಂತು ತನ್ನ ಮೈದುನನಿಗೆ ಕೂಗಿ ಹೇಳಿದಳು: "ಅಲ್ಲಲ್ಲ ಕಣ್ಲಾ, ಇಲ್ಲಿ ತೋಡು! ಆ ಕಡೆ ಕೋಡಿ ಬಿಡು. ತುಂಬಿದ್ರೆ ನೀರು ಅಲ್ಲಿಂದ ಓಯ್ತದೆ."

ಈ ವರ್ಷವೂ ಮಳೆ ಜೋರಾಗಿಯೇ ಬಂತು. ಕುಂಟೆ ತುಂಬಿ ಕೋಡಿ ಹರಿಯಿತು. ಮುನಿಯಮ್ಮನ ಹೊಸ ಗೋಡೆಯ ಹತ್ತಿರ ನೀರು ಸುಳಿಯಲಿಲ್ಲ. ಬೆಳ್ಳಕ್ಕಿ ಬಂದವು, ನೀರುಕೋಳಿ ಬಂದವು, ಕಪ್ಪೆಗಳೂ ಬಂದವು. (ಕಪ್ಪೆ ಸೊಳ್ಳೆ ತಿನ್ನುತ್ತದೆ ಎಂದು ಐದನೇ ಕ್ಲಾಸಿಗೆ ಪಾಠ ಮಾಡುವವನೂ ನಾನೇ!)

ಮೊನ್ನೆ ಜೀಪಿನಲ್ಲಿ ಸಾಹೇಬರೊಬ್ಬರು ನೋಡಲು ಬಂದರು. "ಫಸ್ಟ್ ಕ್ಲಾಸ್! ಯಾರ ಐಡಿಯಾ ಇದು?" ಎಂದರು. ಊರವರು ನನ್ನನ್ನು ಮುಂದೆ ತಳ್ಳಿದರು. ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಮುನಿಯಮ್ಮನ ಹೆಸರು ಹೇಳಬೇಕಿತ್ತು. ಆದರೆ ಫೋಟೋ ತೆಗೆಯುತ್ತಿದ್ದರಲ್ಲ, ಬಾಯಿ ಮುಚ್ಚಿಕೊಂಡೆ.

ಜೀಪು ಹೋದ ಮೇಲೆ ನಾಚಿಕೆಯಾಯಿತು. ಅವಳ ಮನೆಯ ಬಾಗಿಲಿಗೆ ಹೋಗಿ ಹಾರ ಚಾಚಿದೆ. "ಇದು ನಿನಗೆ ಸೇರಬೇಕಾದ್ದು ಮುನಿಯಮ್ಮ" ಎಂದೆ.

ಹಾರವನ್ನು ನೋಡಿದಳು. ನನ್ನನ್ನೂ ನೋಡಿದಳು.

"ಕೊಡಿ ಮೇಷ್ಟ್ರೇ, ಮೇಕೆಗಾದ್ರೂ ಆಯ್ತದೆ."